ಹಸೈನಾರರ ಸಿಟ್ಟು ಮತ್ತು ದಕ್ಷಿಣದ ಕಡಲು

ಹಸೈನಾರರು ಸಿಟ್ಟು ಬಂದಾಗ ಕುಳಿತುಕೊಳ್ಳುವುದಿಲ್ಲ. ಸಿಟ್ಟಿಲ್ಲದ ಹೊತ್ತು ಅವರಿಗೆ ಇಲ್ಲವೇ ಇಲ್ಲವಾದ್ದರಿಂದ, ಬಹರೈನಿನ ಗುದೈಬಿಯಾದ ಆ ಟ್ರಾವೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರಿಗೆಂದು ಇಟ್ಟ ಕುರ್ಚಿ ಬಂದವರ ಕೈಚೀಲ ಇಡುವುದಕ್ಕಷ್ಟೇ ಬಳಕೆಯಾಗುತ್ತಿತ್ತು. ಕಾಲು ಅಗಲಿಸಿ, ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ನಿಂತೇ ಮಾತಾಡುವರು. ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಡೆಕ್ಕಿನಲ್ಲಿ ದುಡಿದು, ಕೊನೆಗೆ ಅಲ್ಲಿನ ಕೆಲಸಗಾರರಿಗೆಲ್ಲ ಮೇಸ್ತ್ರಿಯಾಗಿದ್ದ ಉಳ್ಳಾಲದ ಈ ಬ್ಯಾರಿಗೆ ಗಟ್ಟಿನೆಲದ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮೈಮೇಲೆ ಸದಾ ನೀಲಿ ಉಣ್ಣೆಯ ಕೋಟು. ಆಫೀಸಿನ ಏಸಿ ತಡೆಯಲಾಗದು ಎಂಬುದು ಅವರು ಕೊಡುತ್ತಿದ್ದ ಕಾರಣ. ಏಸಿಯಿಲ್ಲದ ಚಾದಂಗಡಿಯಲ್ಲಿ, ಆಗಸ್ಟ್ ತಿಂಗಳಲ್ಲೂ, ಅವರು ಅದನ್ನು ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಅವರ ಕೋಪಕ್ಕೆ ಪರಮ ಪಾತ್ರವಾದದ್ದು ಪ್ರವಾಸದ ಬ್ರೋಷರುಗಳಲ್ಲಿ ಅಚ್ಚಾಗುವ 'ಆಹ್ಲಾದಕರ ಹವೆ' ಎಂಬ ಮಾತು. ಅದು ಕಂಡಲ್ಲೆಲ್ಲ ಬಾಲ್‌ಪೆನ್ನಿನಿಂದ ಕಾಗದ ಹರಿಯುವಂತೆ ಗೀಟು ಎಳೆಯುತ್ತಿದ್ದರು. ಒಮ್ಮೆ ಸನದ್ ಬಡಾವಣೆಯಿಂದ ಬಂದಿದ್ದ ಕ್ಲೆಮೆಂಟ್ ಎಂಬವರು ದಕ್ಷಿಣ ಅಮೆರಿಕದ ತುತ್ತತುದಿಯ ಹವಾಮಾನವನ್ನು ಮೊಬೈಲಿನಲ್ಲಿ ತೆರೆದು, ಅಲ್ಲಿ ಸೂರ್ಯನ ಚಿತ್ರವಿದೆಯಲ್ಲ ಎಂದು ತೋರಿಸಿದರು. "ಕೇಳಿ ಇಲ್ಲಿ, ಸೂರ್ಯ ಉಂಟು ಅಂತ ಗಾಳಿ ಇಲ್ಲವಾ? ಬೇಸಗೆಯಲ್ಲೇ ಅಲ್ಲಿ ಬೀದಿಯಲ್ಲಿ ಹಗ್ಗ ಕಟ್ಟುತ್ತಾರೆ, ಮನುಷ್ಯ ಹಿಡ್ಕೊಂಡು ನಡೀಲಿಕ್ಕೆ!" ಎಂದು ಹಸೈನಾರರು ಗದರಿದ ರಭಸಕ್ಕೆ ಆ ಸಜ್ಜನರು ಟಿಕೆಟ್ಟನ್ನೂ ಕೊಳ್ಳದೆ, ಮೇಜಿನ ಮೇಲಿಟ್ಟ ಕನ್ನಡಕವನ್ನೂ ಮರೆತು ಹೊರಟುಹೋದರು. ಮ್ಯಾನೇಜರ್ ಕ್ರೇಗ್ ತಲೆಯ ಮೇಲೆ ಕೈಹೊತ್ತು ಕುಳಿತ. ಅವನೂ ಮಂಗಳೂರಿನವನೇ, ಆದರೆ ಸಮುದ್ರವನ್ನು ದಂಡೆಯಿಂದ ನೋಡಿದವನು.

ಆ ಆಫೀಸಿಗೆ ಧನಂಜಯನನ್ನೂ ಅವನ ತಾಯಿಯನ್ನೂ ಕರೆದೊಯ್ದವನು ನಾನು. ನಾನು ಇಲ್ಲಿನ ಶಾಲೆಯೊಂದರಲ್ಲಿ ಮೇಷ್ಟ್ರು. ಅವನು ಮೈಸೂರಿನ ಗೆಳೆಯ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ರಿಫಾದಲ್ಲಿ ವಿಲ್ಲಾ. ಜನವರಿಯಲ್ಲಿ ತಾಯಿ ಸತ್ಯವತಮ್ಮನವರನ್ನು ಚಿಲಿಯಿಂದ ಹೊರಟು, ಅದೇ ತುತ್ತತುದಿಯ ಕೇಪ್ ಹಾರ್ನ್ ಸುತ್ತಿ ಬ್ಯೂನಸ್ ಐರಿಸ್‌ಗೆ ಹೋಗುವ ಹಡಗಿನಲ್ಲಿ ತಿರುಗಿಸಿ ತರಬೇಕೆಂದು ಅವನ ಹಟ. ಆಕೆಗೆ ಎಪ್ಪತ್ತನಾಲ್ಕು. ಸೊಂಟದ ಕೀಲು ಬದಲಿಸಿ ನಾಲ್ಕು ತಿಂಗಳಾಗಿತ್ತು. ಕೋಲು ಹಿಡಿದು ಅಂಗಳದಲ್ಲಿ ಎಂಟು ಸುತ್ತು ನಡೆದ ದಿನ ಫೋನು ಮಾಡಿ ನನಗೆ ಹೇಳಿದ್ದರು, ಅಷ್ಟು ಸಂತೋಷ.

"ನಾನು ಹೋಗಬಹುದಾಪ್ಪ?" ಎಂದು ಆಕೆ ಕೇಳಿದ್ದು ಮಗನನ್ನಲ್ಲ, ಕ್ರೇಗ್‌ನನ್ನಲ್ಲ, ಕೋಟು ತೊಟ್ಟು ನಿಂತಿದ್ದ ಮುದುಕರನ್ನು.

"ಬೇಡ ಅಮ್ಮಾ," ಎಂದರು ಹಸೈನಾರರು. ಆಕೆಯೊಂದಿಗೆ ಮಾತ್ರ ಅವರ ದನಿ ಇಳಿದಿತ್ತು. "ದ್ವೀಪಗಳ ನಡುವೆ ಹೋಗುವಾಗ ನೀರು ತಟ್ಟೆಯಲ್ಲಿಟ್ಟ ಹಾಗೆ ಇರ್ತದೆ. ಮತ್ತೆ ಪೆನಾಸ್ ಅಂತ ಒಂದು ಕೊಲ್ಲಿ, ಅಲ್ಲಿ ಹಡಗು ಹೊರಗಿನ ಕಡಲಿಗೆ ಬೀಳ್ತದೆ. ಪಡುವಣದ ಅಲೆ ತಡೀಲಿಕ್ಕೆ ಒಂದು ಕಲ್ಲೂ ಇಲ್ಲ."

ಧನಂಜಯ ನಕ್ಕ. "ಜನವರಿ ಅಲ್ವಾ ಸ್ವಾಮಿ? ಮಳೆಗಾಲ ಅಲ್ವಲ್ಲ!"

ನಾನೂ ನಕ್ಕೆ. ನಮ್ಮ ಲೆಕ್ಕದಲ್ಲಿ ಕಡಲು ಕೆಡುವುದು ಮಳೆಗಾಲದಲ್ಲಿ, ದೋಣಿಗಳನ್ನು ದಡಕ್ಕೆ ಎಳೆದಿಟ್ಟಾಗ; ಮಳೆ ನಿಂತ ಮೇಲೆ ಎಲ್ಲ ಕಡಲೂ ಒಂದೇ. ಮೇಲಾಗಿ ಬಹರೈನಿನ ದಂಡೆಯಲ್ಲಿ ದಿನವೂ ನೋಡುವ ಸಮುದ್ರಕ್ಕೆ ಪಾದ ತೋಯಿಸುವುದಕ್ಕೂ ಉತ್ಸಾಹವಿಲ್ಲ. ಭೂಗೋಳ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನು ಹೀಗೆ ನಕ್ಕದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಮಳೆಗಾಲ ನಿಮ್ಮ ಊರಿಂದು!" ಹಸೈನಾರರ ಅಂಗೈ ಕೌಂಟರಿಗೆ ಬಡಿಯಿತು. "ಅಲ್ಲಿ ಗಾಳಿಗೆ ಎಂತ ರಜೆ? ಹೋಗ್ಲೇಬೇಕಾದ್ರೆ ಕೆಳಗಿನ ಅಂತಸ್ತಲ್ಲಿ, ಹಡಗಿನ ನಡುವಲ್ಲಿ ಕೋಣೆ ತಗೊಳ್ಳಿ. ಮೇಲೆ, ಮುಂದಗಡೆ ಬೇಡ. ತೂಗುವುದು ಅಲ್ಲಿಯೇ."

ಕ್ರೇಗ್ ಎದ್ದು ಬಂದ. "ಕಾಕಾ, ಸಾಕು. ಗಿರಾಕಿಗಳ ಹತ್ರ ಹೀಗೆ ಮಾತಾಡುದಾ?" ಧನಂಜಯನಿಗೂ ಸ್ವರ ಹಿಡಿಸಲಿಲ್ಲ, ತಾಯಿಯ ಮುಂದೆ ಒಬ್ಬ ಗುಮಾಸ್ತ ತನಗೆ ಗದರಿದ್ದು ಅವನಿಗೆ ಅವಮಾನವಾಗಿ ಕಂಡಿತು. ಮೇಲಿನ ಅಂತಸ್ತಿನ, ಮುಂಭಾಗದ, ಬಾಲ್ಕನಿಯಿದ್ದ ಕೋಣೆಯನ್ನೇ ಗೊತ್ತುಮಾಡಿಸಿದ. ಮರುವಾರದಿಂದ ಹಸೈನಾರರು ಹಿಂದಿನ ಕೋಣೆಯಲ್ಲಿ ವೀಸಾ ಅರ್ಜಿಗಳಿಗೆ ಫೋಟೊ ಅಂಟಿಸುವ ಕೆಲಸಕ್ಕೆ ನೇಮಕಗೊಂಡರು.

ಪ್ರಯಾಣದ ನಾಲ್ಕನೆಯ ದಿನ, ಬಿಸಿಲು ಚೆನ್ನಾಗಿದ್ದ ಮಧ್ಯಾಹ್ನ, ಹಡಗು ಆ ಕೊಲ್ಲಿಗೆ ಬಂತು. ಊಟಕ್ಕೆ ಹೊರಡಲೆಂದು ಮಂಚದಿಂದ ಎದ್ದ ಸತ್ಯವತಮ್ಮನವರು ಎರಡು ಹೆಜ್ಜೆ ಇಟ್ಟರು, ಮೂರನೆಯದಕ್ಕೆ ನೆಲವಿರಲಿಲ್ಲ. ಹೊಸ ಕೀಲಿನ ಕೆಳಗೆ ತೊಡೆಯ ಮೂಳೆ ಮುರಿಯಿತು. ಮೂರು ದಿನದ ಮೇಲೆ, ಬಂದರು ಸಿಕ್ಕಿದಾಗ, ಆಪರೇಷನ್ ಆಯಿತು.

ಮಾರ್ಚಿನಲ್ಲಿ ಧನಂಜಯ ಆಫೀಸಿಗೆ ನುಗ್ಗಿದಾಗ ನಾನೂ ಜೊತೆಗಿದ್ದೆ. "ಒಬ್ಬರಾದ್ರೂ ಸರಿಯಾಗಿ ಹೇಳಬಾರದಿತ್ತೇನ್ರೀ!" ಎಂದು ಅವನು ಕೂಗಾಡುತ್ತಿದ್ದ. ಕ್ರೇಗ್ ಕಂಪ್ಯೂಟರಿನ ಪರದೆಯಲ್ಲಿ ಏನನ್ನೋ ಹುಡುಕುತ್ತಲೇ ಇದ್ದ. ಗದ್ದಲ ಕೇಳಿ ಹಸೈನಾರರು ಬೆರಳಿಗೆ ಅಂಟು ಮೆತ್ತಿಕೊಂಡೇ ಹಿಂದಿನ ಕೋಣೆಯಿಂದ ಬಂದರು. ಅವರು ಹೇಳಬಹುದಾಗಿದ್ದ ಮಾತು ನಮಗೆಲ್ಲ ಗೊತ್ತಿತ್ತು. ಆ ಮಾತನ್ನು ಅವರು ಆಡಲಿ, ನಮ್ಮ ಮುಖಕ್ಕೆ ಬಡಿಯಲಿ ಎಂದು ನಾನು ಒಳಗೊಳಗೇ ಬಯಸಿದ್ದೆ.

"ಅಮ್ಮ ಈಗ ನಡೀತಾರಾ ಸರ್?" ಎಂದು ಕೇಳಿದರು.

"ಇಲ್ಲ. ಇನ್ನು ನಡೆಯೋದು ಕಷ್ಟ ಅಂತಾರೆ."

ಹಸೈನಾರರ ಮುಖ ಕೆಂಪಾಯಿತು. ನನ್ನತ್ತ ತಿರುಗಿ, "ನಾನು ಆ ದಿನ ಕೌಂಟರ್ ದಾಟಿ ಬರಬೇಕಿತ್ತು ಮಾಸ್ಟ್ರೆ. ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು. ನಂದು ಬೊಬ್ಬೆ ಸಾಕಾಗಲಿಲ್ಲ," ಎಂದರು. ಅವರಿಗೆ ಸಿಟ್ಟು ಬಂದದ್ದು ತಮ್ಮ ಮೇಲೆ.

ಇಂಥವರನ್ನು ಮುಂಗೋಪಿಗಳೆಂದು ಕರೆದು ಹಿಂದಿನ ಕೋಣೆಗೆ ಅಟ್ಟುವುದು ನಮಗೆ ಸಲೀಸು. ಅವರು ಆಡಿದ್ದು ನಿಜವೇ ಎಂದು ನಾವು ಕೇಳುವುದಿಲ್ಲ, ಆಡಿದ ರೀತಿ ಸರಿಯಿಲ್ಲವೆಂದು ದೂರುತ್ತೇವೆ. ಮೆತ್ತಗೆ ಸುಳ್ಳು ಹೇಳುವವನಿಗೆ ಎದುರಿನ ಕುರ್ಚಿ ಕೊಟ್ಟು ಚಾ ತರಿಸುತ್ತೇವೆ. ಕಡಲನ್ನು ಮೈಯಿಂದ ಬಲ್ಲವರು ಪರರ ಎಲುಬಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ. ಎಲುಬು ಮುರಿದ ಮೇಲೂ ತಾವು ಇನ್ನಷ್ಟು ಕೂಗಬೇಕಿತ್ತೆಂದು ಪರಿತಪಿಸುವವರು ಅವರೇ, ಕೇಳಿಸಿಕೊಂಡೂ ನಕ್ಕ ನಾವಲ್ಲ.