ಹದಿಮೂರು ವರ್ಷಕ್ಕೇ ಬೀಪಿನಾ?

ಮಕ್ಕಳಿಗೆ ಜ್ವರ ಬರುತ್ತದೆ, ಕೆಮ್ಮು ಬರುತ್ತದೆ, ಹಲ್ಲು ಹುಳುಕಾಗುತ್ತದೆ. ಬೀಪಿ ಬರುತ್ತದೆ ಅಂದರೆ ಯಾರಾದರೂ ನಂಬುತ್ತಾರೆಯೇ? ಕಂಡಕ್ಟರಮ್ಮನೂ ನಂಬಲಿಲ್ಲ. ಅವಳು ಅಷ್ಟು ಸುಲಭವಾಗಿ ಯಾರನ್ನೂ ನಂಬುವ ಪೈಕಿ ಅಲ್ಲ ಬಿಡಿ. ಹದಿನಾಲ್ಕು ವರ್ಷದಿಂದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿರುವವಳು. ಮೀಸೆ ಚಿಗುರಿದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇನ್ನೂ ಚಿಕ್ಕವನು ಮೇಡಂ, ಅರ್ಧ ಟಿಕೆಟ್ ಕೊಡಿ" ಎನ್ನುವ ಅಪ್ಪಂದಿರನ್ನು ದಿನಾ ನೋಡುವವಳು.

ಅವಳ ಮಗಳಿಗೆ ಆಗ ಹದಿಮೂರು ತುಂಬಿ ಮೂರು ತಿಂಗಳಾಗಿತ್ತು. ಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು 'ಏಣಿ' ಅಂತ. ಅಷ್ಟು ಉದ್ದ. ಓಟಕ್ಕೆ ನಿಂತಳೆಂದರೆ ಹಿಂದೆ ಬಂದವರಿಗೆ ಧೂಳೇ ಗತಿ. ಇನ್ನೆರಡು ತಿಂಗಳಿಗೆ ಓಟದ ತಂಡದ ಆಯ್ಕೆ ಇತ್ತು. ಏಣಿ ಕೂತಲ್ಲಿ ನಿಂತಲ್ಲಿ ಅದನ್ನೇ ಜಪಿಸುತ್ತಿದ್ದಳು.

ಅಷ್ಟರಲ್ಲಿ ಶಾಲೆಗೆ ಡಾಕ್ಟರೊಬ್ಬರು ಬಂದು ಆರೋಗ್ಯ ತಪಾಸಣೆ ಮಾಡಿದರು. ಮಗಳು ತಂದ ಚೀಟಿಯಲ್ಲಿ ಹೀಗಿತ್ತು: ಬೀಪಿ 126/82, ರಕ್ತದೊತ್ತಡ ಹೆಚ್ಚಿದೆ.

"ಅಯ್ಯೋ, ಇದೇನು ಕಾಲ ಬಂತಪ್ಪಾ!" ಎಂದರು ಅತ್ತೆ. "ನನಗೆ ಅರವತ್ತಕ್ಕೆ ಬಂದಿದ್ದು ಇವಳಿಗೆ ಹದಿಮೂರಕ್ಕೇ ಬರುತ್ತಾ? ಮೊನ್ನೆ ನನ್ನದೇ ನೂರ ಮೂವತ್ತು ಇತ್ತು. ಡಾಕ್ಟ್ರು ಭೇಷ್ ಅಂದ್ರು. ಯಂತ್ರ ಕೆಟ್ಟಿರಬೇಕು ಕಣೆ."

ಕಂಡಕ್ಟರಮ್ಮನಿಗೂ ಅದೇ ಬೇಕಿತ್ತು. ಆದರೂ ಮನಸ್ಸು ಕೇಳಬೇಕಲ್ಲ. ಮಾರನೇ ದಿನವೇ ಮಗಳನ್ನು ನಿಲ್ದಾಣದ ಹಿಂದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ಬೀಪಿ ನೋಡಿದರು, ಒಂದು ಚಾರ್ಟಿನ ಮೇಲೆ ಬೆರಳಾಡಿಸಿದರು. ಅಂಕಿ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು.

"ಇವಳ ವಯಸ್ಸು, ಎತ್ತರ ನೋಡಿದ್ರೆ ಈಗಲೇ ಬೀಪಿ ಇದೆ ಅನ್ನೋಕಾಗಲ್ಲಮ್ಮ. ಗೆರೆ ಹತ್ತಿರ ಬಂದಿದೆ, ಅದಕ್ಕೇ..."

ಅವರು ಇನ್ನೂ ಏನೋ ಹೇಳುತ್ತಿದ್ದರು. ಕಂಡಕ್ಟರಮ್ಮನ ಕಿವಿ 'ಅನ್ನೋಕಾಗಲ್ಲ' ಎಂಬಲ್ಲಿಗೇ ಮುಚ್ಚಿಕೊಂಡಿತ್ತು. ಅವರು ಕೊಟ್ಟ ಚೀಟಿಯನ್ನು ಮಡಚಿ ಬ್ಯಾಗಿಗೆ ತುರುಕಿ, ಡ್ಯೂಟಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟಳು. ಮನೆಗೆ ಬಂದು ಎರಡೂ ಚೀಟಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಶಾಲೆಯ ಆಟದ ಮೇಷ್ಟರಿಗೆ ಒಂದು ಮಾತೂ ಹೇಳಲಿಲ್ಲ.

ಆದರೆ ಅತ್ತೆಯ ಬಾಯಲ್ಲಿ ಎಳ್ಳುಕಾಳು ನೆನೆಯುತ್ತದೆಯೇ? ಮೇಲಿನ ಮನೆಯಲ್ಲಿ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನ ನರ್ಸ್ ಇದ್ದಳು. ಬಟ್ಟೆ ಒಣಗಿಸಲು ಮಹಡಿಗೆ ಹೋದ ಅತ್ತೆ ಅವಳಿಗೆ ಎಲ್ಲವನ್ನೂ ಒದರಿ, ಸಮಾಧಾನವಾಗಿ ಇಳಿದು ಬಂದರು. ಅವರ ಹಿಂದೆಯೇ ನರ್ಸೂ ಇಳಿದು ಬಂದಳು.

"ಏನಕ್ಕಾ, ಮಗಳ ಬೀಪಿ ಕತೆ?"

ಕಂಡಕ್ಟರಮ್ಮ ಅತ್ತೆಯನ್ನು ಒಂದು ಸಲ ದುರುಗುಟ್ಟಿ ನೋಡಿದಳು. ಅತ್ತೆ ಗೋಡೆ ನೋಡಿದರು.

"ಕತೆ ಏನೂ ಇಲ್ಲ ಸಿಸ್ಟರೇ. ಒಬ್ರು ಇದೆ ಅಂತಾರೆ, ಇನ್ನೊಬ್ರು ಇಲ್ಲ ಅಂತಾರೆ. ಇಬ್ಬರಲ್ಲಿ ಒಬ್ರದ್ದು ಸುಳ್ಳು ತಾನೇ? ಅವರಿಗೇ ಗೊತ್ತಿಲ್ಲದ್ದಕ್ಕೆ ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ?"

ನರ್ಸ್ ಕುರ್ಚಿ ಎಳೆದು ಕೂತಳು. "ಅದಿರಲಿ, ನಿಮ್ಮ ಬಸ್ಸಲ್ಲಿ ಅರ್ಧ ಟಿಕೆಟ್ ಯಾರಿಗೆ?"

"ಹನ್ನೆರಡು ವರ್ಷ ತುಂಬದವರಿಗೆ."

"ಆ ಕೆಂಪು ಖಾಸಗಿ ಬಸ್ಸಲ್ಲಿ?"

"ಅವರು ವಯಸ್ಸು ಕೇಳಲ್ಲ. ಬಾಗಿಲ ಹತ್ರ ಗೆರೆ ಎಳೆದಿದ್ದಾರೆ. ತಲೆ ಗೆರೆ ಮುಟ್ಟಿದ್ರೆ ಪೂರ್ತಿ ಟಿಕೆಟ್."

"ಅಂದ್ರೆ ಹತ್ತು ವರ್ಷದ ಉದ್ದನೆ ಹುಡುಗಿ ನಿಮ್ಮ ಬಸ್ಸಲ್ಲಿ ಅರ್ಧ, ಅವರ ಬಸ್ಸಲ್ಲಿ ಪೂರ್ತಿ. ಇದರಲ್ಲಿ ಸುಳ್ಳು ಹೇಳ್ತಿರೋರು ಯಾರು?"

"ಸುಳ್ಳೇನು ಬಂತು? ಅವರ ನಿಯಮ ಅವರಿಗೆ, ನಮ್ಮ ನಿಯಮ..." ಕಂಡಕ್ಟರಮ್ಮ ಮಾತು ಅರ್ಧಕ್ಕೆ ನಿಲ್ಲಿಸಿದಳು. ಇನ್ನೊಬ್ಬರ ಬಾಯಿ ಮುಚ್ಚಿಸಿ ಅಭ್ಯಾಸವಿದ್ದವಳಿಗೆ ತನ್ನ ಬಾಯಿ ಮುಚ್ಚಿದ್ದು ಅಷ್ಟೇನೂ ಹಿಡಿಸಲಿಲ್ಲ.

"ಇದೂ ಹಾಗೇ ಅಕ್ಕಾ," ಎಂದಳು ನರ್ಸ್. "ದೊಡ್ಡೋರ ಅಂಕಿ ಮಕ್ಕಳಿಗೆ ನಡೆಯಲ್ಲ. ಅಜ್ಜಿಗೆ ಭೇಷ್ ಅನಿಸಿದ್ದು ಮೊಮ್ಮಗಳಿಗೆ ಜಾಸ್ತಿ ಆಗಬಹುದು. ಮಕ್ಕಳಿಗೆ ವಯಸ್ಸೆಷ್ಟು, ಗಂಡೋ ಹೆಣ್ಣೋ, ಎತ್ತರ ಎಷ್ಟು ಅಂತ ನೋಡೋಕೆ ಬೇರೆ ಚಾರ್ಟಿದೆ. ಈಗ ಡಾಕ್ಟ್ರುಗಳು ಓದೋ ಒಂದು ಪುಸ್ತಕ, ಹದಿಮೂರು ತುಂಬಿದ್ಮೇಲೆ ಚಾರ್ಟು ಬೇಡ, ಮೇಲಿನದು ನೂರ ಮೂವತ್ತು ಮುಟ್ಟಿದ್ರೂ ಸರಿ, ಕೆಳಗಿನದು ಎಂಬತ್ತು ಮುಟ್ಟಿದ್ರೂ ಸರಿ, ಹೆಚ್ಚು ಅಂತಲೇ ಹಿಡೀರಿ ಅನ್ನುತ್ತೆ. ಇನ್ನೊಂದು ಪುಸ್ತಕ, ಹದಿನಾರರವರೆಗೂ ಚಾರ್ಟೇ ನೋಡಿ ಅನ್ನುತ್ತೆ. ನಿಮ್ಮ ಮಗಳ ಕೆಳಗಿನದು ಎಂಬತ್ತೆರಡು, ಅದಕ್ಕೇ ಈ ಎರಡರ ಮಧ್ಯೆ ಸಿಕ್ಕಿಕೊಂಡಿದ್ದಾಳೆ. ಇಬ್ರು ಡಾಕ್ಟ್ರೂ ಸರಿಯಾಗೇ ಹೇಳಿದ್ದಾರೆ."

"ಹಾಗಾದ್ರೆ ಬೀಪಿ ಇದೆಯೋ ಇಲ್ವೋ?"

"ನನಗೂ ಗೊತ್ತಿಲ್ಲ. ಆ ಚೀಟಿ ಎರಡೂ ತನ್ನಿ ನೋಡೋಣ."

ಸೀರೆಗಳ ಕೆಳಗಿಂದ ಚೀಟಿಗಳು ಹೊರಬಂದವು. ನರ್ಸ್ ಅವುಗಳನ್ನು ಪಕ್ಕಪಕ್ಕ ಇಟ್ಟು, ಎರಡರ ಕೊನೆಯ ಸಾಲಿನ ಮೇಲೂ ಬೆರಳಿಟ್ಟಳು. ಒಂದರಲ್ಲಿ, 'ಬೇರೆ ದಿನಗಳಲ್ಲಿ ಇನ್ನೂ ಎರಡು ಸಲ ಬೀಪಿ ನೋಡಿಸಿ' ಎಂದಿತ್ತು. ಇನ್ನೊಂದರಲ್ಲಿ, 'ಎರಡು ವಾರ ಬಿಟ್ಟು ತಪ್ಪದೆ ಮತ್ತೆ ಕರೆತನ್ನಿ' ಎಂದಿತ್ತು. ದಿನಕ್ಕೆ ಸಾವಿರ ಚೀಟಿ ಹರಿದು ಕೊಡುವ ಕಂಡಕ್ಟರಮ್ಮ ಈ ಎರಡು ಚೀಟಿಯನ್ನು ಕೊನೆತನಕ ಓದಿಯೇ ಇರಲಿಲ್ಲ.

"ಮೇಲಿನ ಸಾಲಲ್ಲಿ ಜಗಳ, ಕೆಳಗಿನ ಸಾಲಲ್ಲಿ ರಾಜಿ," ಎಂದು ನರ್ಸ್ ನಕ್ಕಳು. "ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ, ಹಾಗಂತ ಬಿಟ್ಟೂ ಬಿಡಬೇಡಿ ಅಂತ ಎರಡೂ ಪುಸ್ತಕ ಹೇಳುತ್ತೆ."

ಕಂಡಕ್ಟರಮ್ಮ ಚೀಟಿಗಳನ್ನು ಮತ್ತೆ ಮಡಚತೊಡಗಿದಳು. "ಬೀಪಿ ಅಂತ ಬರೆದುಬಿಟ್ರೆ ಓಡೋಕೆ ಬಿಡ್ತಾರಾ ಸಿಸ್ಟರೇ? ಓಟ ನಿಂತ್ರೆ ನನ್ನ ಮಗಳು ಕುಗ್ಗಿ ಹೋಗ್ತಾಳೆ. ಅವಳಿಗೆ ತಲೆನೋವಿಲ್ಲ, ಸುಸ್ತಿಲ್ಲ..."

"ಬೀಪಿ ಬಾಗಿಲು ಬಡಿದು ಬರಲ್ಲ ಅಕ್ಕಾ."

ಅಡುಗೆಮನೆಯ ಬಾಗಿಲಲ್ಲಿ ಏಣಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಅಮ್ಮಾ, ಹೋಗೋಣ," ಎಂದಳು. "ಚೀಟಿ ನಾನೂ ಓದಿದ್ದೀನಿ. ಓಡುವಾಗೆಲ್ಲ ಅದೇ ನೆನಪಾಗುತ್ತೆ. ನನಗೆ ಭಯ ಆಗ್ತಿದೆ."

ಅಲ್ಲಿಗೆ ಮಾತು ಮುಗಿಯಿತು. ಮಾರನೇ ದಿನ ಅಮ್ಮ, ಮಗಳು, ಅತ್ತೆ ಮೂರೂ ಜನ ನರ್ಸ್ ಇದ್ದ ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತಿದರು. ಅತ್ತೆ ಮನೆಯಲ್ಲಿದ್ದ ತಮ್ಮ ಬೀಪಿ ಯಂತ್ರವನ್ನೂ ಚೀಲದಲ್ಲಿ ತಂದಿದ್ದರು.

"ಇದರಲ್ಲೇ ನೋಡಮ್ಮ, ಮೋಸ ಇಲ್ಲ."

"ಅಜ್ಜೀ, ಆ ಪಟ್ಟಿ ನಿಮ್ಮ ತೋಳಿಗೆ ಸರಿ. ಇವಳದ್ದು ಕಡ್ಡಿ ತೋಳು. ಪಟ್ಟಿ ದೊಡ್ಡದಾದ್ರೆ ಬೀಪಿ ಕಡಿಮೆ ತೋರಿಸುತ್ತೆ, ಚಿಕ್ಕದಾದ್ರೆ ಜಾಸ್ತಿ ತೋರಿಸುತ್ತೆ." ನರ್ಸ್ ಹುಡುಗಿಯ ಬಲತೋಳನ್ನು ಅಳೆದು, ನಾಲ್ಕು ಪಟ್ಟಿಗಳಲ್ಲಿ ಒಂದನ್ನು ಆರಿಸಿದಳು. "ಮೊದಲು ಮೂತ್ರಕ್ಕೆ ಹೋಗಿ ಬಾ. ಆಮೇಲೆ ಬೆನ್ನು ಒರಗಿಸಿ, ಪಾದ ನೆಲಕ್ಕಿಟ್ಟು ಐದು ನಿಮಿಷ ಕೂತ್ಕೋ. ಮಾತಿಲ್ಲ ಕತೆಯಿಲ್ಲ."

ಐದು ನಿಮಿಷ ಹುಡುಗಿ ಸುಮ್ಮನಿದ್ದಳು. ಸುಮ್ಮನಿರಲಾಗದವರು ಅತ್ತೆ. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬೇಕಾಯಿತು.

ಹೀಗೆ ವಾರಕ್ಕೊಮ್ಮೆ ಮೂರು ಸಲ ನೋಡಿದರು. ತೋಳಿಗೆ ತಕ್ಕ ಪಟ್ಟಿ ಕಟ್ಟಿ ನೋಡಿದಾಗ ಮೂರು ಸಲವೂ ಅಂಕಿ ಎರಡೂ ಪುಸ್ತಕದ ಗೆರೆ ದಾಟಿತ್ತು. ಆಸ್ಪತ್ರೆಯ ಭಯಕ್ಕೆ ಏರುತ್ತಿರಬಹುದೇ ಎಂದು ತಿಳಿಯಲು ಒಂದು ಇಡೀ ದಿನ ತೋಳಿಗೆ ಸಣ್ಣ ಯಂತ್ರ ಕಟ್ಟಿ ಕಳಿಸಿದರು. ಮನೆಯಲ್ಲೂ ಹಾಗೇ ಇತ್ತು. ಆಗ ಮಕ್ಕಳ ಡಾಕ್ಟರು ಕಂಡಕ್ಟರಮ್ಮನನ್ನು ಕೇಳಿದರು, "ಚಿಕ್ಕವಳಿದ್ದಾಗ ಪದೇ ಪದೇ ಜ್ವರ ಬರ್ತಿತ್ತಾ? ಮೂತ್ರ ಉರಿ ಅಂತಿದ್ಲಾ?"

ಕಂಡಕ್ಟರಮ್ಮನಿಗೆ ನೆನಪಾಯಿತು. ಬಂದಿತ್ತು. ನಾಲ್ಕು ವರ್ಷದವಳಿದ್ದಾಗ ಮೂರು ಸಲ. ಡಾಕ್ಟರು ಹತ್ತು ದಿನದ ಔಷಧಿ ಕೊಟ್ಟರೆ, ಜ್ವರ ಬಿಟ್ಟಿತಲ್ಲ ಎಂದು ಮೂರೇ ದಿನಕ್ಕೆ ನಿಲ್ಲಿಸಿದ್ದಳು.

ಸ್ಕ್ಯಾನ್ ಮಾಡಿದರು. ಎಡಗಡೆಯ ಮೂತ್ರಪಿಂಡ ಚಿಕ್ಕದಾಗಿತ್ತು, ಅದರ ಮೇಲೆ ಹಳೆಯ ಸೋಂಕಿನ ಕಲೆಗಳಿದ್ದವು. ಬಲಗಡೆಯದು ಚೆನ್ನಾಗಿತ್ತು.

"ಬೀಪಿ ಏರಿದ್ದು ಇದರಿಂದಲೇ," ಎಂದರು ಡಾಕ್ಟರು. "ಹಾಗೇ ಬಿಟ್ಟಿದ್ರೆ ಆ ಬೀಪಿ ಚೆನ್ನಾಗಿರೋದನ್ನೂ ತಿಂತಿತ್ತು. ಈಗ ಮಾತ್ರೆ ಶುರು ಮಾಡೋಣ, ಉಪ್ಪು ಕಡಿಮೆ ಮಾಡಿ, ಹೇಳಿದಾಗ ಬನ್ನಿ. ಉಳಿಸ್ಕೋಬಹುದು."

ಕಂಡಕ್ಟರಮ್ಮ ಮುಖ ಮುಚ್ಚಿಕೊಂಡು ಅತ್ತಳು. ನಾನೇ ಮಾಡಿದೆ, ನಾನೇ ಚೀಟಿ ಮುಚ್ಚಿಟ್ಟೆ ಎಂದು ಬಿಕ್ಕಿದಳು. ಅತ್ತೆ ಸೊಸೆಯ ತಲೆ ಸವರಿದರು.

ಏಣಿ ಮಾತ್ರ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. "ಸರ್, ನಾನು ಓಡಬಹುದಾ?"

"ಬೀಪಿ ಹತೋಟಿಗೆ ಬರಲಿ, ನಾನೇ ಕಾಗದ ಬರೆದು ಕೊಡ್ತೀನಿ. ಓಡಮ್ಮ, ಚೆನ್ನಾಗಿ ಓಡು."

ಮಾತ್ರೆಗೆ ಬೀಪಿ ಹತೋಟಿಗೆ ಬಂತು, ಆಯ್ಕೆಯ ದಿನ ಏಣಿ ಡಾಕ್ಟರ ಕಾಗದ ಹಿಡಿದೇ ಹೋದಳು. ಅಭ್ಯಾಸ ತಪ್ಪಿತ್ತು, ಮೊದಲನೆಯವಳಾಗಲಿಲ್ಲ. ನಾಲ್ಕನೆಯವಳಾಗಿ ಬಂದು ತಂಡ ಸೇರಿದಳು. ಕಂಡಕ್ಟರಮ್ಮ ಯೂನಿಫಾರ್ಮಿನಲ್ಲೇ ಮೈದಾನಕ್ಕೆ ಬಂದು, ಮೊದಲನೆಯವಳ ಅಮ್ಮನಿಗಿಂತ ಜೋರಾಗಿ ಕೂಗಿದಳು.

ಅಪ್ಪಂದಿರೇ, ಅಮ್ಮಂದಿರೇ, ಮೂರು ವರ್ಷ ತುಂಬಿದ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಬೀಪಿ ನೋಡಿಸಿ. ಡಾಕ್ಟರು ಮರೆತರೆ ನೀವು ಕೇಳಿ. ತೋಳಿಗೆ ತಕ್ಕ ಪಟ್ಟಿ ಹಾಕಿದ್ದಾರಾ, ಮಗು ಐದು ನಿಮಿಷ ಸುಮ್ಮನೆ ಕೂತಿತ್ತಾ ಎಂದು ಗಮನಿಸಿ. ಹೆಚ್ಚು ಬಂದರೆ ಹೆದರಿ ಕೂರಬೇಡಿ, ಬೇರೆ ದಿನ ಮತ್ತೆ ನೋಡಿಸಿ. ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ, ನಿಮಗೆ ಬೇಕಾದ ಮಾತನ್ನು ಆರಿಸಿಕೊಂಡು ಮನೆಗೆ ಬರಬೇಡಿ. ಯಾಕೆ ಹಾಗೆ, ಮುಂದೇನು ಎಂದು ಕೇಳಿ.

ಮಗುವಿನ ಚಪ್ಪಲಿ ಅಳತೆ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಬೀಪಿ ಎಷ್ಟು, ಹೇಳಿ ನೋಡೋಣ? ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ಕಂಡಕ್ಟರಮ್ಮನಿಗೂ ಗೊತ್ತಿರಲಿಲ್ಲ. ಈ ವಾರವೇ ಮಗುವಿನ ಕೈ ಹಿಡಿದು ಹೋಗಿ, ತಿಳಿದುಕೊಂಡು ಬನ್ನಿ.