ಮಕ್ಕಳಿಗೆಂದು ತಂದ ಬಾಣಬಿರುಸು

ಗುಡೇಕೋಟೆ ಸೀಮೆಯ ಆ ಕುರಿಗಾರರ ಹಟ್ಟಿಯಲ್ಲಿ ದೀಪಾವಳಿಗೆ ದೀಪ ಉಂಟು, ಪಟಾಕಿ ಇಲ್ಲ. ಹಿಂದೊಮ್ಮೆ ಯಾರೋ ಹಚ್ಚಿದ ಪಟಾಕಿ ಸರಕ್ಕೆ ಮುಳ್ಳುಬೇಲಿಯ ರೊಪ್ಪದಲ್ಲಿದ್ದ ಕುರಿಗಳು ಬೆದರಿ, ಒಂದರ ಮೇಲೊಂದು ಬಿದ್ದು, ಹದಿನೇಳು ಮರಿಗಳು ತಾಯಂದಿರ ಕಾಲಡಿಗೇ ಸಿಕ್ಕು ಸತ್ತವಂತೆ. ಅಂದು ಹಿರಿಯರು ಬೀರಪ್ಪನ ಭಂಡಾರ ಮುಟ್ಟಿ ಆಣೆ ಮಾಡಿದರು: ಈ ಊರಾಗ ಮದ್ದಿನ ಸದ್ದು ಬ್ಯಾಡ. ಆಣೆ ಮಾಡಿದವರು ಮಣ್ಣಾದರು, ಆಣೆ ಮಣ್ಣಾಗಲಿಲ್ಲ. ಬಾಯಿಲ್ಲದ ಜೀವಕ್ಕೆ ಕೊಟ್ಟ ಮಾತನ್ನು ದೇವರು ಎರಡು ಸಲ ಎಣಿಸುತ್ತಾನೆ ಎಂಬುದು ಅಲ್ಲಿಯವರ ನಂಬಿಕೆ.

ಹಾಗಾಗಿ ಆ ಹಟ್ಟಿಯ ಮಕ್ಕಳು ಬಾಣಬಿರುಸು ಕಂಡದ್ದು ಫೋನಿನಲ್ಲಿ, ಅಂಗೈ ಅಗಲದಷ್ಟು.

"ಅಜ್ಜೀ, ಖರೇ ಆಕಾಶದಾಗ ಅದು ಎಷ್ಟು ದೊಡ್ಡದು ಕಾಣತೈತಿ?" ಎಂದು ತಿಪ್ಪೇರುದ್ರಮ್ಮನನ್ನು ಅವಳ ಮೊಮ್ಮಗಳು ರೋಜಾ ವರ್ಷವೆಲ್ಲ ಕೇಳಿದ್ದಳು. ರೋಜಾಳಿಗೆ ಆರು ವರ್ಷ. ಅವಳ ತಮ್ಮ ಕ್ರಾಂತಿಗೆ ನಾಲ್ಕು. ಅಕ್ಕನಿಗೆ ಏನು ಬೇಕೋ ಅದು ಅವನಿಗೆ ಅವಳಿಗಿಂತ ಮೊದಲು ಬೇಕು.

ಹಬ್ಬದ ಹಿಂದಿನ ವಾರ ಕೂಡ್ಲಿಗಿ ಸಂತೆಗೆ ಹೋದಾಗ ರಸ್ತೆಯಲ್ಲಿ ದೊಡ್ಡ ಬ್ಯಾನರು ಕಂಡಿತು. ತಿಪ್ಪೇರುದ್ರಮ್ಮನಿಗೆ ಓದು ಬಾರದು. ಒಂದನೇ ಇಯತ್ತೆಯ ರೋಜಾಳೇ ಬೆರಳಿಟ್ಟು ಕೂಡಿಸಿದಳು. "ಮ... ಕ್ಕ... ಳಿ... ಗಾ... ಗಿ! ನೋಡಜ್ಜೀ, ಮಕ್ಕಳಿಗಾಗಿ ಅಂತ ಐತಿ. ಅಂದ್ರ ನಮ್ಮದೇ!"

ಉಳಿದದ್ದನ್ನು ಪಕ್ಕದ ಅಂಗಡಿಯವನು ಓದಿ ಹೇಳಿದ: ಪಾಡ್ಯದ ಸಂಜೆ ಆರೂವರೆಗೆ ಸರಿಯಾಗಿ, ಮೈದಾನದಲ್ಲಿ ಬಾಣಬಿರುಸು, ಪುಕ್ಕಟೆ. ಊರಿಗೆ ಹಿಂದಿರುಗುವ ಕಡೆಯ ಬಸ್ಸು ಎಂಟಕ್ಕೆ ಕಾಲು ಗಂಟೆ ಮುಂಚೆ. ಸಾಕಲ್ಲ, ಎಂದುಕೊಂಡಳು ಮುದುಕಿ.

ಪಾಡ್ಯದ ದಿನ ಕುರಿಗಳಿಗೆ ಪೂಜೆ ಮಾಡಿ, ಮಕ್ಕಳಿಗೆ ಹೋಳಿಗೆ ಉಣ್ಣಿಸಿ, ಅವಳು ಇಬ್ಬರನ್ನೂ ಬಸ್ಸು ಹತ್ತಿಸಿದಳು.

ಮೈದಾನದಲ್ಲಿ ಮುಂದೆ ಎರಡು ಸಾಲು ಕುರ್ಚಿ, ನಡುವೆ ಒಂದು ಕೆಂಪು ಸೋಫಾ. ಎಲ್ಲವೂ ಖಾಲಿ. ಅದರ ಹಿಂದೆ ಹಗ್ಗ. ಹಗ್ಗದ ಹಿಂದೆ ಧೂಳಿನಲ್ಲಿ ನೂರಾರು ಮಕ್ಕಳು, ಅವರ ತಾಯಂದಿರು. ದೂರದ ಅಂಚಿನಲ್ಲಿ ಬಿದಿರು ಗಳುಗಳಿಗೆ ಬಾಣಬಿರುಸುಗಳನ್ನು ಕಟ್ಟಿಕೊಂಡು ಮದ್ದಿನ ಕೆಲಸದ ಅಂಜಿನೇಯಲು ಕುಕ್ಕರಗಾಲಲ್ಲಿ ಕೂತಿದ್ದ.

ಆರೂವರೆ ಆಯಿತು. ಏಳಾಯಿತು.

"ಮುಖ್ಯ ಅತಿಥಿಗಳಾದ ಸಾಹೇಬರು ಕೊಟ್ಟೂರು ದಾಟಿದ್ದಾರೆ, ದಯವಿಟ್ಟು ಶಾಂತವಾಗಿರಬೇಕು," ಎಂದಿತು ಮೈಕು. ಹತ್ತು ನಿಮಿಷಕ್ಕೆ ಮತ್ತೆ, "ಸಾಹೇಬರು ಕೊಟ್ಟೂರಿನಲ್ಲಿ ಚಹಾ ಸ್ವೀಕರಿಸುತ್ತಿದ್ದಾರೆ."

"ಆಗ್ಲೇ ದಾಟಿದ್ರಲ್ಲೇ? ಚಾ ಕುಡಿಯಾಕ ಹಿಂದಕ್ಕ ಹ್ವಾದ್ರೇನು?" ಎಂದಳು ಪಕ್ಕದಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡಿದ್ದ ಮಂಜಮ್ಮ. ಸುತ್ತಲಿನವರು ನಕ್ಕರು. ತಿಪ್ಪೇರುದ್ರಮ್ಮ ನಗಲಿಲ್ಲ.

ಕಾಯುವುದು ಅವಳಿಗೆ ಹೊಸದಲ್ಲ. ಮಳೆಗೆ ಕಾಯ್ದಿದ್ದಾಳೆ. ಈಯುವ ಕುರಿಯ ಮಗ್ಗುಲಲ್ಲಿ ಕೂತು ಕಾಯ್ದಿದ್ದಾಳೆ. ದೇವರು ಬಲಗಡೆಯ ಹೂ ಕೊಡಲೆಂದು ಕಣ್ಣು ರೆಪ್ಪೆ ಬಡಿಯದೆ ಕಾಯ್ದಿದ್ದಾಳೆ. ಆ ಕಾಯುವಿಕೆಗೆ ಒಂದು ಮರ್ಯಾದೆ ಇತ್ತು. ಇದಕ್ಕೇನಿದೆ? ಖಾಲಿ ಸೋಫಾದ ಮುಂದೆ ಹಸಿದ ಕೂಸುಗಳನ್ನು ಕೂಡಿಸುವುದು ಯಾವ ದೇವರ ಪೂಜೆ?

ಕ್ರಾಂತಿ ಅವಳ ಹೆಗಲ ಮೇಲೆ ನಿದ್ದೆ ಹೋದ. ಏಳೂಕಾಲಾಗುತ್ತಲೇ ಅವಳು ಎದ್ದು, ಮೈಕು ಹಿಡಿದು ಓಡಾಡುತ್ತಿದ್ದ ಗುರುಬಸವರಾಜನ ಬಳಿ ಹೋದಳು. ಕಾರ್ಯಕ್ರಮದ ಯಜಮಾನಿಕೆ ಅವನದು.

"ಯಪ್ಪಾ, ನಮ್ಮ ಬಸ್ಸು ಹೋಗಿಬಿಡತೈತ್ರಿ. ಹುಡುಗ್ರು ಬಾಡಿ ಹೋಗ್ಯಾವ. ಒಂದೆಲ್ಡು ಹಚ್ಚಿಬಿಡ್ರಿ, ನೋಡಿ ಹೋಗ್ತಾವ."

"ಸಾಹೇಬ್ರು ಬಂದು ಕುಂತ ಮ್ಯಾಲೇ ಹಚ್ಚೋದು, ಅಮ್ಮಾ."

"ಮಕ್ಕಳಿಗಂತ ಬರದೀರಲ್ರೀ?"

"ಬರದೀವಿ. ಅದಕ್ಕೇನೀಗ?" ಅವನ ಮೋರೆ ಬಿಗಿಯಿತು. "ಕುರಿ ಕಾಯೋರಿಗೆ ಇದೆಲ್ಲಾ ತಿಳಿಯಂಗಿಲ್ಲ. ಹೋಗು, ಹಗ್ಗದ ಹಿಂದ ಕುಂದ್ರು ಹೋಗು."

ಅಮ್ಮಾ ಎಂದ ಬಾಯೇ ಎರಡು ಮಾತಿನೊಳಗೆ ಹೋಗು ಎಂದಿತು. ತಿಪ್ಪೇರುದ್ರಮ್ಮನ ಎದೆ ಕುದಿಯಿತು. ದನಿ ಮಾತ್ರ ಏರಲಿಲ್ಲ.

"ಕುರಿ ಕಾಯೋರಿಗೆ ತಿಳಿದದ್ದು ಒಂದೈತಪ್ಪಾ. ಮರಿ ಕುಡಿದ ಮ್ಯಾಲೆ ನಾವು ಚರಿಗಿ ಹಿಡೀತೀವಿ. ಮರಿ ಬಾಯಿ ಕಟ್ಟಿ ಕರೆದ ಹಾಲು ದೇವ್ರಿಗೂ ಮುಟ್ಟಂಗಿಲ್ಲ."

ಅವನು ಆಗಲೇ ಬೆನ್ನು ತಿರುಗಿಸಿದ್ದ.

ಹಿಂದಿರುಗಿ ಬಂದರೆ ರೋಜಾ ಎದ್ದು ನಿಂತು ಲಂಗದ ಧೂಳು ಕೊಡವಿಕೊಳ್ಳುತ್ತಿದ್ದಳು. "ಮನಿಗೆ ಹೋಗಾನ ನಡಿ ಅಜ್ಜೀ. ಅದು ನಮಗಲ್ಲ."

ಬೈಗುಳ ತಡೆದುಕೊಂಡಿದ್ದ ಮುದುಕಿಗೆ ಈ ಮಾತು ತಡೆಯಲಾಗಲಿಲ್ಲ. ಬ್ಯಾನರಿನ ಮೇಲೆ ಬೆರಳಿಟ್ಟು ನಮ್ಮದೇ ಎಂದಿದ್ದ ಕೂಸು ಇದು. ಯಾರೂ ಪಾಠ ಹೇಳಲಿಲ್ಲ, ಒಂದು ಹಗ್ಗ ಮುಕ್ಕಾಲು ಗಂಟೆಯಲ್ಲಿ ಕಲಿಸಿಬಿಟ್ಟಿತು. ಬೀರಪ್ಪಾ, ಇದನ್ನೂ ನೋಡಿಕೊಂಡು ಕುಂತೀಯೇನು?

ಹಳ್ಳದ ದಂಡೆಯಲ್ಲಿ ಹಿಂಡು ಹಟ ಹಿಡಿದು ನಿಂತರೆ ಕುರಿಗಾರ ಅದನ್ನು ಬಡಿಯುವುದಿಲ್ಲ. ಒಂದು ಮರಿಯನ್ನು ಎತ್ತಿಕೊಂಡು ತಾನೇ ನೀರಿಗಿಳಿಯುತ್ತಾನೆ. ಮರಿಯ ಹಿಂದೆ ತಾಯಿ, ತಾಯಿಯ ಹಿಂದೆ ಹಿಂಡು. ತಿಪ್ಪೇರುದ್ರಮ್ಮ ಮಲಗಿದ್ದ ಕ್ರಾಂತಿಯನ್ನು ಹೆಗಲಿಗೆ ಸರಿಪಡಿಸಿಕೊಂಡಳು. ರೋಜಾಳ ಕೈ ಹಿಡಿದಳು. ಹಗ್ಗ ಎತ್ತಿ ದಾಟಿ, ನೇರ ಹೋಗಿ ಕೆಂಪು ಸೋಫಾದ ಮೇಲೆ ಕೂತಳು.

"ಯಕ್ಕಾ, ಬೈತಾರ!" ಎಂದು ಮಂಜಮ್ಮ ಕೂಗಿದಳು.

"ಬೈಲಿ. ನಿನ್ನ ಕೂಸನ್ನೂ ತಗೊಂಡು ಬಾ."

ಮೊದಲು ಇಬ್ಬರು ಮಕ್ಕಳು ನುಸುಳಿದರು. ಆಮೇಲೆ ಹತ್ತು. ಮಕ್ಕಳ ಹಿಂದೆ ತಾಯಂದಿರು. ಗುರುಬಸವರಾಜ "ಏಯ್, ಎದ್ದೇಳ್ರಿ! ಕುರ್ಚಿ ಬಿಡ್ರಿ!" ಎಂದು ಮೈಕಿನಲ್ಲಿ ಒದರುತ್ತಿದ್ದಂತೆ ಎರಡೂ ಸಾಲು ತುಂಬಿದವು. ಒಂದೊಂದು ಕುರ್ಚಿಗೆ ಮೂರು ಮೂರು ಮಕ್ಕಳು.

ಸುಂಯ್ ಎಂದು ಮೊದಲ ಬಾಣ ಎದ್ದಿತು.

ಗುರುಬಸವರಾಜ ಬಿದ್ದಂಬೀಳ ಅಂಜಿನೇಯಲುವಿನತ್ತ ಓಡಿದ. ಕೈಯಲ್ಲಿನ ಮೈಕು ಬಂದ್ ಮಾಡುವುದನ್ನು ಮರೆತಿದ್ದರಿಂದ ಅವರ ಜಗಳ ಇಡೀ ಮೈದಾನಕ್ಕೆ ಕೇಳಿತು.

"ಯಾವನಲೇ ಹಚ್ಚು ಅಂದಾಂವ?"

"ಮುಂದಿನ ಕುರ್ಚಿ ತುಂಬಿದ ಕೂಡ್ಲೇ ಹಚ್ಚು ಅಂದೋರು ನೀವೇ ಅಲ್ರೀ? ತುಂಬಿದ್ವು, ಹಚ್ಚಿದೆ."

"ಯಾರು ಕುಂತಾರ ನೋಡಬೇಕಿಲ್ಲೇನು?"

"ಕತ್ತಲಾಗ ತಲಿ ಕಾಣಸ್ತಾವ್ರೀ ಸಾರ್, ಹುದ್ದೆ ಕಾಣಸಂಗಿಲ್ಲ."

"ನಿಲ್ಲಿಸು! ನಿಲ್ಲಿಸಲೇ!"

"ಬತ್ತಿಗೆ ಬತ್ತಿ ಕಟ್ಟೀನ್ರೀ. ಇನ್ನ ನಮ್ಮಪ್ಪ ಬಂದ್ರೂ ನಿಲ್ಲಂಗಿಲ್ಲ."

ಮಕ್ಕಳ ನಗೆಯಲ್ಲಿ ಮುಂದಿನ ಮಾತು ಮುಳುಗಿತು. ಆಕಾಶ ಹಸಿರಾಯಿತು, ಕೆಂಪಾಯಿತು, ಮಲ್ಲಿಗೆ ಮೊಗ್ಗು ಚೆಲ್ಲಿದಂತೆ ಬಿಳಿಯಾಯಿತು. ಕ್ರಾಂತಿ ಬೆಚ್ಚಿ ಎದ್ದು ಚಿಟ್ಟನೆ ಚೀರಿ ಅಜ್ಜಿಯ ಸೆರಗಿನೊಳಗೆ ಹೊಕ್ಕ. ಅವಳು ಅವನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದಳು. ಹಿರಿಯರ ಆಣೆ ಎಷ್ಟು ಸರಿ ಎಂದು ಅವಳಿಗೆ ಆ ಪುಟ್ಟ ಎದೆಯ ಬಡಿತದಲ್ಲಿ ಇನ್ನೊಮ್ಮೆ ತಿಳಿಯಿತು. ರೋಜಾ ಮಾತ್ರ ಸೋಫಾದ ಮೇಲೆ ನಿಂತು, ಬಾಯಿ ತೆರೆದು, ಎಷ್ಟು ದೊಡ್ಡದೆಂದು ಕೇಳುವುದನ್ನೂ ಮರೆತು ನೋಡುತ್ತಿದ್ದಳು.

ಏಳೂವರೆಗೆ, ಇನ್ನೂ ಬಿರುಸುಗಳು ಉರಿಯುತ್ತಿರುವಾಗಲೇ, ತಿಪ್ಪೇರುದ್ರಮ್ಮ ಎದ್ದಳು. ಬಸ್ಸು ಯಾರಿಗೂ ಕಾಯುವುದಿಲ್ಲ. ಮೈದಾನದ ಬಾಗಿಲಲ್ಲಿ ಬಿಳಿ ಕಾರೊಂದು ಹಾರನ್ನು ಹೊಡೆಯುತ್ತ ನುಗ್ಗಿ ಬಂತು. ಡ್ರೈವರು ಸರಿಯಿರಿ ಎಂದು ಕೈ ಬೀಸಿದ. ಅವಳು ಸರಿಯಲಿಲ್ಲ. ಕ್ರಾಂತಿಯ ಕೈ ಹಿಡಿದು, ರೋಜಾಳನ್ನು ಮುಂದೆ ಬಿಟ್ಟುಕೊಂಡು, ತನ್ನ ಹೆಜ್ಜೆಯಲ್ಲೇ ದಾಟಿದಳು.

ಹಿಂದಿನ ಗಾಜು ಇಳಿಯಿತು. ಒಳಗಿನಿಂದ ಸೆಂಟಿನ ವಾಸನೆ, ಒಂದು ದೊಡ್ಡ ಮುಖ. "ಏನಮ್ಮಾ, ನಾನು ಬರೋದ್ರೊಳಗೇ ಶುರುವಾತೇನು?"

"ಮಕ್ಕಳದು ಶುರುವಾಗಿ ಮುಗಿಯಾಕ ಬಂತ್ರೀ," ಎಂದಳು ಅವಳು. "ಒಂದು ತಾಸಿನಿಂದ ನಿಮಗಂತ ಧೂಳಾಗ ಕುಂತಿದ್ವು. ಇಳಿದು ಒಂದು ಮಾತು ಹೇಳ್ರಿ ಅವಕ್ಕ, ತಪ್ಪಾತು ಅಂತ."

ಗಾಜು ಏರಿತು. ಏರಿದ ಗಾಜಿನಲ್ಲಿ ಒಂದು ಹಸಿರು ಬಾಣ ಒಡೆದು ಚದುರಿದ್ದು ಕಂಡಿತು. ಅವಳು ಮಕ್ಕಳ ಕೈ ಬಿಗಿಹಿಡಿದು ಬಸ್‌ಸ್ಟ್ಯಾಂಡಿನ ಕಡೆಗೆ ದಾಪುಗಾಲು ಹಾಕಿದಳು.