ಹಿಂದಿನ ಸೀಟಿನ ಭಾರ

ಅಂಜನಮೂರ್ತಿಯ ಬೈಕಿನ ಮುಂದಿನ ಚಕ್ರ ಬಿಚ್ಚಬೇಕೆಂದರೆ ಅಕ್ರಂ ಪಾಷಾ ಬರಲೇಬೇಕಿತ್ತು. ಕೆಲಸಕ್ಕೆ ಕೈ ಹಚ್ಚುವುದಕ್ಕಲ್ಲ; ಸುಮ್ಮನೆ ಕೂರುವುದಕ್ಕೆ.

ಡಬಲ್ ಸ್ಟ್ಯಾಂಡ್ ಹಾಕಿದಾಗ ಬೈಕು ಹಿಂದಿನ ಚಕ್ರವನ್ನೇನೋ ಎತ್ತಿಕೊಳ್ಳುತ್ತದೆ. ಮುಂದಿನದು ನೆಲ ಬಿಡಬೇಕಾದರೆ ಹಿಂದಿನ ಸೀಟಿನ ಮೇಲೆ ತಕ್ಕ ಭಾರ ಬೀಳಬೇಕು. ಆ ಭಾರವೇ ಅಕ್ರಂ. ಗುಬ್ಬಿಯ ಚೇಳೂರು ರಸ್ತೆಯಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ ಅವನದು. ಮೈಯೂ ಅವನು ಮಾಡುವ ಗೇಟಿನಷ್ಟೇ ಅಗಲ. ಹದಿನೈದು ವರ್ಷಗಳಿಂದ ಅವನು ಭಾನುವಾರದ ಬೆಳಿಗ್ಗೆ ಬಂದು, ಆ ಸೀಟಿನ ಮೇಲೆ ಬೀದಿಯ ಕಡೆಗೆ ಮುಖ ಮಾಡಿ ಕೂತು, ಟೀ ಲೋಟವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆ, ನೆಲದಲ್ಲಿ, ಪಶು ಆಸ್ಪತ್ರೆಯ ಕಾಂಪೌಂಡರ್ ಅಂಜನಮೂರ್ತಿ ಪಾನ ಹಿಡಿದು ನಟ್ಟು ಸಡಿಲಿಸುತ್ತಿದ್ದ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಕಾಣದಿದ್ದುದರಿಂದಲೇ ಇರಬೇಕು, ಎದುರುಬದುರು ಆಡಲಾಗದ ಎಷ್ಟೋ ಮಾತುಗಳು ಆ ಎರಡು ಚಕ್ರಗಳ ನಡುವೆ ಹಾದುಹೋಗಿದ್ದವು. ಅಕ್ರಂನ ಮಗಳು ಸೈಮಾಳ ನಿಶ್ಚಿತಾರ್ಥ ಮುರಿದ ಸುದ್ದಿ, ಅಂಜನಮೂರ್ತಿಗೆ ಮಕ್ಕಳಾಗದ ಕೊರಗು, ಎಲ್ಲವೂ ಗ್ರೀಸಿನ ವಾಸನೆಯೊಂದಿಗೆ ಬಂದು ಗಾಳಿಯಲ್ಲಿ ಕರಗಿದ್ದವು. ಬೈಕಿಗೆ ಕಾಯಿಲೆಯಿಲ್ಲದ ವಾರಗಳಲ್ಲಿ ಅಂಜನಮೂರ್ತಿಯೇ ಒಂದು ಕಾಯಿಲೆಯನ್ನು ಹುಡುಕಿ ತೆಗೆಯುತ್ತಿದ್ದ.

ತೊಂಬತ್ತೊಂಬತ್ತರ ಮಳೆಗಾಲ ಮುಗಿದ ಮೇಲೆ ಬಂದ ಒಂದು ಭಾನುವಾರ ಹತ್ತು ಗಂಟೆಯಾದರೂ ಅಕ್ರಂ ಬರಲಿಲ್ಲ. ಕೊತ್ತಂಬರಿ ಸೊಪ್ಪಿನ ನೆಪ ಮಾಡಿಕೊಂಡು ಅಂಜನಮೂರ್ತಿ ಬೀದಿಗಿಳಿದ. ನಾಲ್ಕು ಮನೆಯಾಚೆ, ಎರಡು ತಿಂಗಳ ಹಿಂದೆ ಕುಣಿಗಲ್ಲಿನಿಂದ ವರ್ಗವಾಗಿ ಬಂದಿದ್ದ ಹೈಸ್ಕೂಲು ಮೇಷ್ಟ್ರು ಗೋವಿಂದರಾಜುವಿನ ಮನೆಯ ಮುಂದೆ ಅಕ್ರಂನ ಮೊಪೆಡ್ ನಿಂತಿತ್ತು. ಕಾಂಪೌಂಡಿನೊಳಗಿನಿಂದ ನಗು ಕೇಳಿಸಿತು. ಆ ನಗು ಅವನಿಗೆ ಗೊತ್ತು. ಹೊಟ್ಟೆಯಿಂದ ಎದ್ದು ಭುಜ ಕುಲುಕಿಸುವ ನಗು. ಅದು ತನ್ನ ಅಂಗಳದ್ದೆಂದೇ ಅವನು ಇಷ್ಟು ವರ್ಷ ನಂಬಿದ್ದ.

"ಬಾರೋ ಮೂರ್ತಿ, ನೋಡ್ಬಾ ಇಲ್ಲಿ!" ಅಕ್ರಂ ಒಳಗಿನಿಂದಲೇ ಕೂಗಿದ.

ಗೋವಿಂದರಾಜುವಿನ ಹೊಸ ಬೈಕು ಮುಂದಿನ ಚಕ್ರವಿಲ್ಲದೆ ನಿಶ್ಚಿಂತೆಯಿಂದ ನಿಂತಿತ್ತು. ಇಂಜಿನ್ನಿನ ಕೆಳಗೆ ಕಬ್ಬಿಣದ ನಾಲ್ಕು ಕಾಲಿನ ಸ್ಟ್ಯಾಂಡು. ಮೇಲೆ ಬೈಕಿಗೆ ಗೀರು ಬೀಳದ ಹಾಗೆ ಹಳೆಯ ಟಯರಿನ ತುಂಡು. ಅದಕ್ಕೆ ಹಸಿರು ಬಣ್ಣ ಬೇರೆ. ಊರವರ ಗೇಟಿಗೆಲ್ಲ ಬರೀ ಕೆಂಪು ಪ್ರೈಮರ್ ಬಳಿದು ಕಳಿಸುವ ಅಕ್ರಂ ಇದಕ್ಕೆ ಎರಡು ಕೋಟು ಹಸಿರು ಹೊಡೆದಿದ್ದ!

"ಅಕ್ರಂ ಭಾಯ್ ಕೈ ಅಂದ್ರೆ ಕೈ ಕಣ್ರೀ ಮೂರ್ತಿಯವರೇ," ಎಂದ ಗೋವಿಂದರಾಜು. "ಇನ್ಮೇಲೆ ನಾನೊಬ್ಬನೇ ಬಿಚ್ಕೋಬೋದು. ಯಾರಿಗೂ ಕಾಯೋಂಗಿಲ್ಲ."

ಭಾಯ್! ಎರಡು ತಿಂಗಳಿಗೇ ಭಾಯ್. ಅಂಜನಮೂರ್ತಿ ಹದಿನೈದು ವರ್ಷದಲ್ಲಿ ಆ ಪದವನ್ನು ಒಮ್ಮೆಯೂ ಬಳಸಿರಲಿಲ್ಲ. ಬಳಸುವ ಅಗತ್ಯವಿದೆಯೆಂದು ತೋರಿಯೂ ಇರಲಿಲ್ಲ. "ಚೆನ್ನಾಗೈತೆ," ಎಂದಷ್ಟೇ ಹೇಳಿ ಹಿಂತಿರುಗಿದ.

"ಸೊಪ್ಪೆಲ್ಲಿ?" ಎಂದಳು ಹೆಂಡತಿ ಗಂಗಾಂಬಿಕೆ.

"ಸಿಗ್ಲಿಲ್ಲ."

"ಸೊಪ್ಪು ಸಿಗದಿದ್ರೆ ಹಿಂಗ್ಯಾಕ್ರೀ ಮುಖ? ಸವತಿ ಕಂಡೋಳಂಗೆ?"

ಅವನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ವಾರವಿಡೀ ಎದೆಯಲ್ಲಿ ಒಂದು ಹಸಿರು ಬಣ್ಣ ಒಣಗದೆ ಅಂಟಂಟಾಗಿ ಉಳಿಯಿತು. ಗುರುವಾರ ವೆಲ್ಡಿಂಗ್ ಅಂಗಡಿಯ ಮುಂದೆ ಹಾದುಹೋದಾಗ ಅಕ್ರಂ ಕೈಯೆತ್ತಿದ. ಅಂಜನಮೂರ್ತಿ ಹಾರ್ನ್ ಕೂಡ ಮಾಡಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಮುಂದಿನ ಚಕ್ರದ ಬೇರಿಂಗು ನಿಜವಾಗಿಯೇ ಕಿರುಗುಟ್ಟತೊಡಗಿತ್ತು. ಸೋಮವಾರ ಬೆಳ್ಳಾವಿಯಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುವ ಕೆಲಸ. ಬೈಕು ಬೇಕೇ ಬೇಕು.

"ಅಕ್ರಮಣ್ಣನ್ನ ಕೂಗಿ ಬರ್ಲಾ?" ಗಂಗಾಂಬಿಕೆ ಕೇಳಿದಳು.

"ಬೇಡ. ಅವನಿಗೆ ಬೇರೆ ಕಡೆ ಕೆಲಸ ಇರ್ತದೆ. ನಂಗೂ ಒಬ್ಬನೇ ಬಿಚ್ಚೋಕೆ ಬರ್ತದೆ."

ಹಿತ್ತಿಲಲ್ಲಿ ತೆಂಗಿನ ಮರದ ಮೋಟು ತುಂಡೊಂದು ಬಿದ್ದಿತ್ತು. ಎರಡು ಮಳೆಗಾಲ ಕಂಡದ್ದು. ಅದನ್ನು ಉರುಳಿಸಿಕೊಂಡು ಬಂದು ಇಂಜಿನ್ನಿನ ಕೆಳಗೆ ನೆಟ್ಟಗೆ ನಿಲ್ಲಿಸಿದ. ತೆಂಗಿನ ಮರದ ಗಟ್ಟಿಯೆಲ್ಲ ಹೊರಗಿನ ಸುತ್ತಿನಲ್ಲಿ, ಒಳಗಿನ ತಿರುಳು ಹಿಟ್ಟು, ತೊಲೆ ಸೀಳುವವರು ನಡುವಿನ ಭಾಗವನ್ನು ಎಸೆದೇಬಿಡುತ್ತಾರೆ ಎಂಬುದು ಗುಬ್ಬಿಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಂಜನಮೂರ್ತಿಗೂ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ಅವನ ಕಣ್ಣು ಮರವನ್ನು ನೋಡುತ್ತಿರಲಿಲ್ಲ; ನಾಲ್ಕು ಮನೆಯಾಚೆ ನಿಂತ ಮೊಪೆಡ್ಡನ್ನು ನೋಡುತ್ತಿತ್ತು.

ಚಕ್ರ ಬಂತು. ಒಬ್ಬನೇ ಮಾಡಿದೆನೆಂಬ ಹಮ್ಮು ಅರೆ ಕ್ಷಣ ಮುಖದಲ್ಲಿ ಮೂಡುವಷ್ಟರಲ್ಲಿ ಬೈಕಿನ ಭಾರ ತುಂಡಿನ ನಟ್ಟನಡುವಿನ ತಿರುಳನ್ನು ಹೊಕ್ಕು ಇಳಿಯಿತು. ಬೈಕು ಮುಂದಕ್ಕೆ ಜಾರಿತು, ಡಬಲ್ ಸ್ಟ್ಯಾಂಡು ಮಡಚಿಕೊಂಡಿತು, ಇಡೀ ಗಾಡಿ ಅವನ ಮೇಲೆ ವಾಲಿ ಬಿತ್ತು. ಎಡಗೈ ಅಡಿಯಲ್ಲಿ ಸಿಕ್ಕಿಕೊಂಡಿತು. ಗಂಗಾಂಬಿಕೆಯ ಕೂಗಿಗೆ ಅಕ್ರಂ, ಗೋವಿಂದರಾಜು ಇಬ್ಬರೂ ಓಡಿ ಬಂದರು. ಅಕ್ರಂ ಹ್ಯಾಂಡಲ್ಲಿಗೆ ಕೈಹಾಕಿ ಒಂದೇ ಉಸಿರಿಗೆ ಎತ್ತಿದ. ಅಂಗೈ ಸುಲಿದು ರಕ್ತ ಬಂದಿತ್ತು, ಬೆರಳುಗಳು ಉಳಿದಿದ್ದವು.

"ನಾನು ಸ್ಟ್ಯಾಂಡ್ ತರ್ತೀನಿ," ಎಂದು ಗೋವಿಂದರಾಜು ಓಡಿದ. ಗಂಗಾಂಬಿಕೆ ನೀರು ತರಲು ಒಳಗೆ ಹೋದಳು.

"ತಲೇಲಿ ಏನ್ ತುಂಬೈತ್ಲಾ ನಿಂಗೆ? ತೆಂಗಿನ ಮೋಟು ಕೊಡ್ತಾರೇನೋ ಒತ್ತು?" ಅಕ್ರಂ ಅವನ ಕೈಯನ್ನು ತಿರುಗಿಸಿ ನೋಡಿದ. "ಗುರುವಾರ ನೀನು ಮುಖ ತಿರುಗಿಸ್ಕೊಂಡು ಹೋದೆ ಅಂತ ಆ ಮೇಷ್ಟ್ರ ಮನೇಲಿ ಕೂತಿದ್ದೆ. ನನ್ನ ಕರೆಯಕ್ಕೇನಾಗಿತ್ತು ರೋಗ?"

"ನೀನು ಅಲ್ಲಿ ಬಿಜಿ ಇದ್ಯಲ್ಲ. ಅವನಿಗೆ ಹಸಿರು ಬಣ್ಣ ಹೊಡೆದು ಸ್ಟ್ಯಾಂಡು. ಹದಿನೈದು ವರ್ಷದಲ್ಲಿ ನಂಗೊಂದು ಕಬ್ಬಿಣದ ಚೂರು ಕೊಟ್ಟಿದ್ದೀಯಾ?"

ಅಕ್ರಂ ಅವನನ್ನೇ ದಿಟ್ಟಿಸಿದ. ಬಳಿಕ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಥೂ ನಿನ್ನ. ಆವಯ್ಯ ಎರಡು ತಿಂಗಳಿಂದ, ಅಕ್ರಂ ಭಾಯ್, ಒಸಿ ಬಂದು ಹಿಂದೆ ಕೂತ್ಕೊಳಿ ಕೂತ್ಕೊಳಿ ಅಂತ ಪ್ರಾಣ ತಿಂದ. ನಾನ್ಯಾಕೋ ಕಂಡೋರ ಗಾಡಿ ಮೇಲೆ ಕೂರ್ಲಿ? ಅದಕ್ಕೇ ಕಬ್ಬಿಣದಲ್ಲಿ ಮಾಡಿ ಕೊಟ್ಟು ಕೈ ತೊಳ್ಕೊಂಡೆ. ಹಸಿರು, ಯಾವುದೋ ಕಿಟಕಿಗೆ ತಂದು ಮಿಕ್ಕಿದ್ದು ಬುಡು."

ಅಂಜನಮೂರ್ತಿಗೆ ಅಂಗೈಯ ಉರಿ ಆಗಲೇ ಅರಿವಿಗೆ ಬಂತು.

ಗೋವಿಂದರಾಜು ಸ್ಟ್ಯಾಂಡು ತಂದ. ಅಕ್ರಂ ಅದನ್ನು ಇಂಜಿನ್ನಿನ ಅಡಿಯ ಫ್ರೇಮಿಗೆ ಸರಿಯಾಗಿ ಕೂರಿಸಿ, ಸೈಲೆನ್ಸರ್ ಮುಟ್ಟದಂತೆ ನೋಡಿ, ಡಬಲ್ ಸ್ಟ್ಯಾಂಡು ಮತ್ತೆ ಮಡಚದ ಹಾಗೆ ಹಗ್ಗದಿಂದ ಫ್ರೇಮಿಗೆ ಬಿಗಿದ. ಎರಡೂ ಕಡೆಯಿಂದ ಗಾಡಿಯನ್ನು ಅಲ್ಲಾಡಿಸಿ ನೋಡಿದ. ಆಮೇಲೆಯೇ ಪಾನ ಹಿಡಿದ.

"ನಿಂಗೂ ಒಂದು ಮಾಡ್ತೀನಿ. ಇನ್ನ ನಾನು ಕೂರಲ್ಲ ಕಣೋ," ಎಂದ, ಬೇರಿಂಗು ಕೂರಿಸುತ್ತ. "ಇಷ್ಟು ವರ್ಷ ಗ್ಯಾನ ಇಲ್ದೆ ಕೂತಿದ್ದೆ. ಲೋಟ ಇಡಕ್ಕೆ ನಾನೊಂದ್ಸಲ ಬಗ್ಗಿದ್ರೆ ಸಾಕಾಗಿತ್ತು, ನಿನ್ನ ಕೈ ಹೋಗ್ತಿತ್ತು."

ಆ ಮಾತಿನಲ್ಲಿದ್ದ ಕಾಳಜಿ ಅಂಜನಮೂರ್ತಿಗೆ ಕೇಳಿಸಲಿಲ್ಲ. 'ಇನ್ನ ಕೂರಲ್ಲ' ಎಂಬುದಷ್ಟೇ ಕೇಳಿಸಿತು. ಭಾರ ಬೇಡವಾದ ಮೇಲೆ ಭಾನುವಾರಕ್ಕೆ ಏನು ಕಾರಣ ಉಳಿಯುತ್ತದೆ?

ಮುಂದಿನ ಭಾನುವಾರ ಬೈಕಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅಂಜನಮೂರ್ತಿ ಎಂಟು ಗಂಟೆಗೇ ಅಂಗಳದ ನೆರಳಿನಲ್ಲಿ ಎರಡು ಕುರ್ಚಿ ಹಾಕಿ, ಪೇಪರನ್ನು ಓದದೆ ಹಿಡಿದು ಕೂತ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಮೊಪೆಡ್ಡಿನ ಸದ್ದು ಬೀದಿಯ ತುದಿಯಲ್ಲಿ ಕೇಳಿ, ನಾಲ್ಕನೆಯ ಮನೆಯ ಹತ್ತಿರ ಸಣ್ಣದಾಗಿ, ನಿಂತಿತು. ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಸದ್ದು ಮತ್ತೆ ಹೊರಟು ಅವನ ಗೇಟಿಗೆ ಬಂತು.

"ಏನ್ಲಾ ರಿಪೇರಿ ಇವತ್ತು?" ಅಕ್ರಂ ಕೇಳಿದ.

"ಏನೂ ಇಲ್ಲ."

"ಒಳ್ಳೇದಾಯ್ತು ಬುಡು," ಎಂದು ಕುರ್ಚಿಯ ತುಂಬ ಕೂತ. "ಗೋವಿಂದರಾಜೂಗೂ ಬನ್ನಿ ಅಂದ್ ಬಂದಿದೀನಿ. ಪಾಪ, ಊರಿಗೆ ಹೊಸಬ."

ಅಂಜನಮೂರ್ತಿ ಪೇಪರು ಮಡಚಿದ. "ಬರ್ಲಿ. ಆದ್ರೆ ಕುರ್ಚಿ ಎರಡೇ ಇರೋದು."

"ನಡುಮನೇಲಿ ಇನ್ನೂ ನಾಲ್ಕವೆ ಕಣ್ರೀ!" ಗಂಗಾಂಬಿಕೆ ಅಡುಗೆಮನೆಯಿಂದ ಕೂಗಿದಳು.

ಅಕ್ರಂನ ಭುಜಗಳು ಕುಲುಕತೊಡಗಿದವು. ಅಂಜನಮೂರ್ತಿ ನಿಧಾನವಾಗಿ ಎದ್ದು ಒಳಗೆ ಹೋಗಿ, ಮೂರನೆಯ ಕುರ್ಚಿಯನ್ನು ತಂದು, ಬಿಸಿಲು ಬೀಳುವ ಕಡೆಗೆ ಹಾಕಿದ.